ಬಟ್ಟೆ ಬದಲಿಸುವ ಕೋಣೆ

ಆಸ್ಪತ್ರೆಯ ಹಾಸ್ಟೆಲು,
ಜೂನ್ ೧೨, ಗುರುವಾರ ಸಂಜೆ

ನನ್ನ ಪ್ರೀತಿಯ ಅಮ್ಮಾ,

ಕಣ್ಣಿನ ಪೊರೆ ತೆಗೆಸಿಕೊಂಡವಳು ಹೇಗಿದ್ದೀಯ? ಹೊತ್ತಿಗೆ ಸರಿಯಾಗಿ ಔಷಧಿಯ ಹನಿ ಹಾಕಿಕೊಳ್ಳುತ್ತಿದ್ದೀಯ ತಾನೇ? ಇದನ್ನು ನೀನೇ ಓದಬೇಡ, ಅಪ್ಪನ ಕೈಲಿ ಓದಿಸು. ನಡುವೆ ಅವರು ತಮ್ಮದೇ ಮಾತು ಸೇರಿಸಿದರೆ ಗದರು.

ಮೂಳೆ ವಿಭಾಗ ಬೇಡ, ಚರ್ಮದ ವಿಭಾಗಕ್ಕೆ ಹೋಗು ಎಂದು ನೀನು ಹೇಳಿದ್ದು ಹೋದ ತಿಂಗಳು ನನಗೂ ಸರಿಯೆನಿಸಿಬಿಟ್ಟಿತ್ತು. ಎರಡು ವರ್ಷ ಕಲಿತರೂ ನನ್ನ ಕೈಗೆ ಬಂದದ್ದು ಗಾಯ ಅಗಲಿಸಿ ಹಿಡಿಯುವ ಕೊಕ್ಕೆ ಮಾತ್ರ. ಜೊತೆಯ ಹುಡುಗರು ಆಗಲೇ ಮುರಿದ ಮೂಳೆ ಕೂಡಿಸುತ್ತಿದ್ದರು. ಕೈ ಪಳಗದೆ ಯಾರಾದರೂ ಸರ್ಜನ್ ಆಗುತ್ತಾರೆಯೇ? ನನ್ನಲ್ಲೇ ಏನೋ ಕೊರತೆಯಿದೆ ಎಂದು ಒಳಗೊಳಗೇ ಕುಗ್ಗಿಹೋಗಿದ್ದೆ. ಆಮೇಲೆ ಸಂಗತಿ ತಿಳಿಯಿತು. ನಮ್ಮ ಆಪರೇಷನ್ ಥಿಯೇಟರಿನಲ್ಲಿ ‘ಡಾಕ್ಟರುಗಳು’ ಎಂದು ಬೋರ್ಡಿರುವ ಕೋಣೆಯಲ್ಲಿ ಗಂಡಸರು ಬಟ್ಟೆ ಬದಲಿಸುತ್ತಾರೆ. ವಿಭಾಗಕ್ಕೆ ನಾನೊಬ್ಬಳೇ ಹೆಣ್ಣು ಡಾಕ್ಟರು, ನರ್ಸುಗಳ ಕೋಣೆಗೆ ಹೋಗಬೇಕು. ಗಂಡಸರ ಕೋಣೆಯಲ್ಲೇ ಟೀ ಕುಡಿಯುತ್ತಾ, ಪ್ಯಾಂಟಿನ ಲಾಡಿ ಕಟ್ಟುತ್ತಾ, ಯಾವ ಆಪರೇಷನ್ ಯಾರಿಗೆಂದು ನಮ್ಮ ವಿಭಾಗದ ಮುಖ್ಯಸ್ಥರು ಹಂಚಿಬಿಡುತ್ತಾರೆ. ನಾನು ಟೋಪಿ ಹಾಕಿ ಬರುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಕೆಟ್ಟವರಲ್ಲಮ್ಮ ಅವರು, ಕಣ್ಣೆದುರು ಇದ್ದವರಿಗೆ ಕೊಡುವ ಮನುಷ್ಯ, ಅಷ್ಟೇ.

ಸೋಮವಾರ ನಾನು ಬೇಗ ತಯಾರಾಗಿ, ಒಂದು ಸ್ಟೂಲು ಎಳೆದುಕೊಂಡು ಗಂಡಸರ ಬಾಗಿಲ ಹೊರಗೆ ಕೂತೆ. ಒಳಗೆ ಹಂಚಿಕೆ ಶುರುವಾದದ್ದೇ ತಡ, “ಸರ್, ಆ ಸೊಂಟದ ಮುರಿತ ನನಗೆ ಕೊಡಿ” ಎಂದು ಕೂಗಿದೆ. “ಯಾರಮ್ಮಾ ಅದು?” ಎಂದು ಮುಖ್ಯಸ್ಥರು ಒಳಗಿಂದಲೇ ಕೇಳಿದರು. “ನಾನೇ ಸರ್. ಒಳಗೆ ಬರೋಕಾಗಲ್ವಲ್ಲ, ಅದಕ್ಕೇ ಇಲ್ಲಿಂದಲೇ ಕೇಳ್ತಿದೀನಿ!” ನರ್ಸಕ್ಕ ಮುಖಕ್ಕೆ ಟವೆಲು ಹಿಡಿದು ನಕ್ಕರು. ಮುಖ್ಯಸ್ಥರು ಒಂದೇ ಕಾಲಿಗೆ ಚಪ್ಪಲಿ ಮೆಟ್ಟಿಕೊಂಡು ಹೊರಬಂದರು. ನನ್ನನ್ನೂ ಸ್ಟೂಲನ್ನೂ ನೋಡಿ ಅವರ ಮುಖ ಕೆಂಪಾಯಿತು. “ನನಗಿದು ಹೊಳೆದೇ ಇರ್ಲಿಲ್ಲ ಕಣಮ್ಮ. ನಾಳೆಯಿಂದ ಹಂಚೋದೆಲ್ಲ ವಾರ್ಡಲ್ಲೇ, ಎಲ್ಲರ ಎದುರಿಗೆ” ಎಂದರು. ಅವತ್ತಿನ ಸೊಂಟ ಮಾತ್ರ ಹುಡುಗರ ಪಾಲೇ ಆಯಿತು, ಸಿಟ್ಟು ನೆತ್ತಿಗೇರಿತ್ತು.

ಅಪ್ಪನಿಗೆ ನಮಸ್ಕಾರ, ನಿನ್ನ ಎರಡೂ ಕೆನ್ನೆಗೆ ಮುತ್ತು.

ಹೇಳಿದ ಮಾತು ಕೇಳದ ನಿನ್ನ ಮಗಳು,
ಗುಬ್ಬಿ

ಮರೆತಿದ್ದೆ: ನಾಳೆ ಬೆಳಿಗ್ಗೆ ಮೊದಲ ಆಪರೇಷನ್ ನನ್ನದು! ತೊಡೆಮೂಳೆ. ರೋಗಿ ನಿನ್ನ ವಯಸ್ಸಿನವರು. ಈಗ ನೋಡಲು ಹೋದರೆ, “ಡಾಕ್ಟ್ರು ಯಾವಾಗ ಬರ್ತಾರೆ ಸಿಸ್ಟರ್?” ಎಂದರು. ನಾನೇ ಡಾಕ್ಟರು ಎಂದೆ. ಮೇಲಿಂದ ಕೆಳಗಿನವರೆಗೆ ನೋಡಿ, “ಅಯ್ಯೋ, ನೀನೇನಾ? ಹಾಗಾದ್ರೆ ಹೊಟ್ಟೆತುಂಬ ಊಟ ಮಾಡಿ ಬೇಗ ಮಲಕ್ಕೋ ಮಗಾ, ನಾಳೆ ನಮ್ಮಿಬ್ಬರಿಗೂ ಕೆಲಸ ಇದೆ” ಎಂದರು. ಹೊರಗೆ ಬಂದು ಅತ್ತುಬಿಟ್ಟೆ. ನನಗೆ ಇದೇ ಬೇಕಮ್ಮಾ. ಚರ್ಮದ ಮಾತು ಇನ್ನು ಎತ್ತಬೇಡ.