ವಾಪಸ್ ಟಿಕೆಟ್

ಗಜೇಂದ್ರಗಡ

ಅಳಿಯಂದಿರಾದ ಉಮರ ಅವರಿಗೆ ಸಲಾಮು. ಹೇಗಿದ್ದೀರಿ ಎಂದು ಕೇಳುವುದಿಲ್ಲ.

ತಬಸ್ಸುಮಳನ್ನು ಚೊಚ್ಚಲ ಹೆರಿಗೆಗೆ ಕರೆತರಲು ಕೂಡಿಟ್ಟಿದ್ದ ದುಡ್ಡಿನಲ್ಲೇ ದಿಲ್ಲಿಗೆ ಬರುತ್ತಿದ್ದೇವೆ. ಲಾಡ್ಜ್ ಬೇಡ, ನಿಮ್ಮ ಕೋಣೆಯಲ್ಲೇ ಮಲಗುತ್ತೇವೆ. ದಾರಿಗೆ ರೊಟ್ಟಿ ಕಟ್ಟಿಕೊಂಡಿದ್ದೇವೆ. ಬಾಣಂತಿಗೆಂದು ಮಾಡಿದ್ದ ಅಂಟಿನುಂಡಿಯನ್ನು ಚೀಲದಿಂದ ತೆಗೆ ಎಂದೆ. "ಅಳಿಯಾರು ತಿನ್ನಲಿ ಬಿಡ್ರಿ" ಎಂದಳು ನಿಮ್ಮ ಅತ್ತಿ.

ಮೊದಲು ಅವಳ ಗೋರಿಗೆ ಕರೆದೊಯ್ಯಿರಿ. ಅಲ್ಲಿಗೆ ಆಟೋ ಬಾಡಿಗೆ ಎಷ್ಟಾಗುತ್ತದೆ, ತಿಳಿಸಿರಿ. ಕೂಸನ್ನು ನಮ್ಮ ಜೊತೆ ಕಳಿಸಿಕೊಡಿರಿ. ಇಲ್ಲ ಎನ್ನಬೇಡಿರಿ.

ವಾಪಸ್ ಬರಲು ಮೂರು ಟಿಕೆಟ್ ತೆಗೆಸಿದ್ದೆ. ಒಂದನ್ನು ರದ್ದು ಮಾಡಿಸುವಾಗ, ಎಳೆಕೂಸಿಗೆ ಟಿಕೆಟ್ ಬೇಕೇ ಎಂದು ಕೇಳಿದೆ.

"ಬ್ಯಾಡ್ರಿ ಯಜಮಾನ್ರ, ಹೆಂಗೂ ತಾಯಿ ತೊಡಿ ಮ್ಯಾಲ ಮಲಗತೈತಲ್ರಿ" ಎಂದ ಟಿಕೆಟ್ ಕೊಡುವವನು.

ಹೌದೆಂದು ತಲೆಯಾಡಿಸಿ ಬಂದೆ.

ತಬಸ್ಸುಮಳ ಅಬ್ಬಾ,
ಮೋದಿನಸಾಬ