ಬಿಳಿ ಬೋರ್ಡಿನ ಕೋಣೆಗೆ ಬೀಗವೇಕೆ?

ಬೀಗದ ಕೈಯನ್ನು ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಿರುವ ಮಾನ್ಯ ಮುಖ್ಯಾಧಿಕಾರಿಗಳೇ,

ನಿಮ್ಮ ಕಚೇರಿಯ ವರಾಂಡದ ತುದಿಯಲ್ಲಿ, ಸಾರ್ವಜನಿಕರು ಸುಮ್ಮನೆ ಕೂರಲೆಂದೇ ಕಟ್ಟಿಸಿದ ಒಂದು ಕೋಣೆ ಇದೆ. ಮೂರು ವಾರದಿಂದ ನೀವು ಅದಕ್ಕೆ ಬೀಗ ಹಾಕಿಸಿದ್ದೀರಿ. ‘ಹೆಸರು ತೀರ್ಮಾನವಾಗುವವರೆಗೆ ಕೋಣೆಯನ್ನು ಬಳಸುವಂತಿಲ್ಲ’ ಎಂದು ಬಾಗಿಲಿಗೆ ಕಾಗದ ಅಂಟಿಸಿದ್ದೀರಿ. ಸ್ವಾಮಿ, ಹುಟ್ಟಿದ ಕೂಸಿಗೆ ಹೆಸರಿಡುವ ತನಕ ಹಾಲು ಕುಡಿಸಬಾರದೆಂದು ಯಾವ ಕಾನೂನಿನಲ್ಲಿದೆ?

ಕೇಳಲು ನೀನ್ಯಾರು ಅನ್ನುತ್ತೀರಿ. ನಾನು ಓದಿದ್ದು ಹಳ್ಳಿ ಶಾಲೆಯಲ್ಲಿ, ಏಳನೆಯ ತರಗತಿ; ಒಂದೇ ಕೋಣೆ, ಒಬ್ಬರೇ ಮೇಷ್ಟ್ರು. ಆದರೆ ಈ ಊರಿನಲ್ಲಿ ಬೋರ್ಡು ಬರೆಯುವ ನನ್ನ ಅಕ್ಷರ ಓದದೆ ಯಾರೂ ಯಾವ ಬಾಗಿಲನ್ನೂ ದಾಟಿಲ್ಲ. ಅಕ್ಕನ ಮಕ್ಕಳು ಕರೆದದ್ದನ್ನೇ ಹಿಡಿದು ಊರೆಲ್ಲ ನನ್ನನ್ನು ಬೋರ್ಡ್ ಮಾವ ಅನ್ನುತ್ತದೆ. ನಿಮ್ಮ ಕುರ್ಚಿಯ ಹಿಂದಿನ ಹಲಗೆಯಲ್ಲಿ ನಿಮಗಿಂತ ಮೊದಲಿದ್ದ ಹದಿನೇಳು ಅಧಿಕಾರಿಗಳ ಹೆಸರೂ, ಹದಿನೆಂಟನೆಯದಾದ ನಿಮ್ಮದೂ ನನ್ನ ಕೈಯದೇ. ಆ ಹದಿನೇಳೂ ಜನ ಬಂದರು, ಹೋದರು. ಬಣ್ಣ ಮಾತ್ರ ಇನ್ನೂ ಮಾಸಿಲ್ಲ.

ಆ ಕೋಣೆಯ ಬೋರ್ಡಿನ ಜಾತಕವೂ ನನಗೆ ಗೊತ್ತು. ಮೊದಲು ‘ಪ್ರಾರ್ಥನಾ ಕೊಠಡಿ’ ಎಂದಿತ್ತು. ಆಡಳಿತ ಬದಲಾಯಿತು, ‘ಚಿಂತನ ಮಂದಿರ’ವಾಯಿತು. ಮತ್ತೆ ಬದಲಾಯಿತು, ‘ನಾಗರಿಕ ಆತ್ಮಬಲ ಕೇಂದ್ರ’ವಾಯಿತು. ನಮ್ಮ ಕಸುಬಿನಲ್ಲಿ ಹಳೆಯ ಅಕ್ಷರವನ್ನು ಕೆರೆಯುವುದಿಲ್ಲ. ಮೇಲೆ ಬಿಳಿ ಬಳಿದು ಹೊಸದು ಬರೆಯುತ್ತೇವೆ. ಒಳಗಿನ ಆರು ಕುರ್ಚಿ, ಒಂದು ಕಿಟಕಿ ಮಾತ್ರ ಇದ್ದ ಹಾಗೇ ಇದ್ದವು. ಆದರೆ ಹೆಸರು ಬದಲಾದಾಗಲೆಲ್ಲ ಅರ್ಧ ಊರು ‘ಅದು ಅವರ ಕೋಣೆ’ ಎಂದು ಬರುವುದನ್ನೇ ಬಿಟ್ಟಿತು. ಮನಸ್ಸು ತಣ್ಣಗಾಗಲು ಹೋಗುವವನಿಗೂ ಪಕ್ಷ ಬೇಕಾಯಿತು!

ಈ ಸಲ ನಿಮ್ಮ ಕಚೇರಿಯಿಂದ ಬಂದ ಆದೇಶ, ಹಳೆಯ ಹೆಸರು ಕೂಡಲೇ ಅಳಿಸಿ, ಹೊಸದನ್ನು ಆಮೇಲೆ ತಿಳಿಸಲಾಗುವುದು ಎಂದಿತ್ತು. ಬಿಳಿ ಬಳಿದೆ. ಹೊಸ ಹೆಸರು ಬರಲೇ ಇಲ್ಲ. ಹತ್ತೊಂಬತ್ತು ದಿನ ಬೆಳ್ಳನೆಯ ಬೋರ್ಡಿನ ಕೆಳಗೆ ಬಾಗಿಲು ತೆರೆದೇ ಇತ್ತು. ಆಗ ನೋಡಬೇಕಿತ್ತು ನೀವು. ಯಾರ ಕೋಣೆಯೆಂದು ಯಾರಿಗೂ ತಿಳಿಯದೆ ಎಲ್ಲರೂ ಬಂದು ಕೂತರು. ಕುರ್ಚಿ ಸಾಲದೆ ನೆಲದ ಮೇಲೂ ಕೂತರು. ಹತ್ತನೆಯ ದಿನ ನನ್ನ ಭಾವನೂ ಬಂದರು.

ಭಾವ ದರ್ಜಿ, ಬಾವುಟ ಹೊಲಿಯುವವರು. ಆಡಳಿತ ಬದಲಾದರೆ ಅವರಿಗೂ ನನಗೂ ಕೈತುಂಬ ಕೆಲಸ. ನ್ಯಾಯವಾಗಿ ನಾವಿಬ್ಬರೂ ಜಗಳವಾಡುವ ಹಾಗೇ ಇರಲಿಲ್ಲ. ಆದರೂ ಎರಡು ವರ್ಷದ ಹಿಂದೆ ಅಕ್ಕ ಬಡಿಸುತ್ತಿರುವಾಗಲೇ ಮಾತಿಗೆ ಮಾತು ಬೆಳೆಯಿತು.

“ನನ್ನ ಮನೇಲಿ ಉಂಡು ನನ್ನ ಪಕ್ಷಾನೇ ಬೈತೀಯೇನೋ?” ಅಂದರು ಭಾವ.

“ಊಟ ಅಕ್ಕಂದು, ನಿಮ್ಮದಲ್ಲ,” ಅಂದೆ.

ಅಂದಿನಿಂದ ನಾನು ಆ ಹೊಸಿಲು ತುಳಿದಿಲ್ಲ. ಅವರೂ ಕರೆದಿಲ್ಲ.

ಅಂಥ ಭಾವ ಬಂದು ನನ್ನಿಂದ ಒಂದು ಕುರ್ಚಿ ಬಿಟ್ಟು ಕೂತರು. ಮರುದಿನವೂ ಬಂದರು, ಅದರ ಮರುದಿನವೂ. ಅವರ ಬೆರಳು ತೊಡೆಯ ಮೇಲೆ ತಾನಾಗಿ ಹೊಲಿಗೆ ಹಾಕುತ್ತಿತ್ತು. ನನ್ನದು ಅಕ್ಷರ ತಿದ್ದುತ್ತಿತ್ತು. ಆಗ ನನಗೊಂದು ಜ್ಞಾನೋದಯವಾಯಿತು, ದಾಖಲೆ ಮಾಡಿಕೊಳ್ಳಿ: ಅವರ ಬಾವುಟ ಬಿಸಿಲಿಗೆ ಬಣ್ಣ ಬಿಡುತ್ತದೆ, ನನ್ನ ಅಕ್ಷರ ಬಿಳಿಯ ಕೆಳಗೆ ಹೋಗುತ್ತದೆ, ಅದೆಲ್ಲ ಆದ ಮೇಲೂ ಅವರು ನನ್ನ ಭಾವನೇ. ದೊಡ್ಡ ದೊಡ್ಡ ಪ್ರವಚನ ಕೇಳಿಯೂ ಇದು ತಲೆಗೆ ಹತ್ತಿರಲಿಲ್ಲ. ಹತ್ತೊಂಬತ್ತನೆಯ ದಿನ ಎದ್ದು ಹೋಗುವಾಗ ಭಾವ ಬಾಯಿಬಿಟ್ಟರು.

“ಏನೋ, ಕೂತಲ್ಲೇ ಗೊರಕೆ ಹೊಡಿತೀಯಲ್ಲೋ. ನಾಳೆ ನಿಮ್ಮಕ್ಕನ್ನೂ ಕರ್ಕೊಂಡು ಬರ್ತೀನಿ. ಬಾ.”

ಅದು ಗೊರಕೆಯಲ್ಲ, ಧ್ಯಾನ. ಇರಲಿ. ಮಾರನೆಯ ದಿನ ಮೂವರೂ ಬಂದೆವು. ನಿಮ್ಮ ಬೀಗವೂ ಬಂದಿತ್ತು.

ಅಂದಿನಿಂದ ಬಾಗಿಲ ಮುಂದಿನ ಕಲ್ಲು ಮೆಟ್ಟಿಲ ಮೇಲೆ ಕೂರುತ್ತಿದ್ದೇವೆ. ಭಾವನಿಗೆ ಮೊಣಕಾಲು ನೋವು. ನಿನ್ನೆ ಏಳುವಾಗ ಅಕ್ಕನ ಹೆಗಲು ಹಿಡಿದರು. ಇನ್ನೆಷ್ಟು ದಿನ ಬಂದಾರು? ಅವರು ಬರುವುದು ನಿಂತರೆ, ಆಳೆತ್ತರದ ಅಕ್ಷರ ಬರೆಯುವ ನಾನು ಅವರ ಹೊಸಿಲು ದಾಟುವಷ್ಟು ದೊಡ್ಡವನಲ್ಲ. ನಾಚಿಕೆ ಬಿಟ್ಟು ಬರೆಯುತ್ತಿದ್ದೇನೆ. ಅಕ್ಕ ಬೇಡುವುದೂ ಇಷ್ಟೇ: “ನೀವಿಬ್ರೂ ಮಾತಾಡೋದೇನೂ ಬೇಡಪ್ಪ. ಸುಮ್ನೆ ಒಟ್ಟಿಗೆ ಕೂತಿದ್ರೆ ಸಾಕು.”

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ಹನ್ನೊಂದು ಮಂದಿಯ ನಿಮ್ಮ ನಾಮಕರಣ ಸಮಿತಿ ಎಷ್ಟು ವರ್ಷ ಬೇಕಾದರೂ ಚರ್ಚಿಸಲಿ, ಆ ಬೋರ್ಡು ಬೆಳ್ಳಗೇ ಇರಲಿ. ಬಾಗಿಲು ಮಾತ್ರ ನಾಳೆಯೇ ತೆಗೆಸಿ. ಬೀಗದ ಕೈ ಎಲ್ಲೋ ಕಳೆದುಹೋಗಿದೆ ಅನ್ನುವಿರಾದರೆ ನೀವೇ ಬಂದು ನಮ್ಮೊಂದಿಗೆ ಕೂರಿ. ಮೇಲಿನ ಮೆಟ್ಟಿಲಲ್ಲಿ ಭಾವ, ಎರಡನೆಯದರಲ್ಲಿ ಅಕ್ಕ, ಮೂರನೆಯದರಲ್ಲಿ ನಾನು. ಕೆಳಗಿನದು ಖಾಲಿ ಇದೆ.

ಇಂತಿ,
ನಿಮ್ಮ ಹೆಸರಿನ ಕೆಳಗೆ ಹತ್ತೊಂಬತ್ತನೆಯದಕ್ಕೂ ಜಾಗ ಬಿಟ್ಟಿರುವ,
ಬೋರ್ಡ್ ಮಾವ
ಮೂರನೆಯ ಮೆಟ್ಟಿಲು