ಬೆಲ್ಟ್ ಹರಿದದ್ದು ನನ್ನ ಕೈಯಿಂದಲ್ಲ

ಕಾಂತಣ್ಣ,

ಬಸ್ಸಿಗೆ ಹೊತ್ತಾಯ್ತು, ಹೊರಟೆ. ಟೇಬಲ್ ಮೇಲಿರುವ ಸೊಟ್ಟಗಾದ ಕಡ್ಡಿಯನ್ನು ಮೊದಲು ಕೈಯಲ್ಲಿ ಹಿಡಿದು ನೋಡು. ಅದು ನಮ್ಮ ಕಾರಿನ ವಾಲ್ವ್.

"ಹೆಂಗಸ್ರ ಕೈಗೆ ಗಾಡಿ ಕೊಟ್ರೆ ಹಿಂಗೇ ಆಗೋದು" ಎಂದು ಮೊನ್ನೆ ಮಾವನ ಮುಂದೆ ನಕ್ಕೆಯಲ್ಲ, ಗ್ಯಾರೇಜಿನ ಮುನೀರಣ್ಣ ನಿನ್ನೆ ಎಂಜಿನ್ ಬಿಚ್ಚಿ ಬೇರೆಯೇ ಹೇಳಿದರು. ವಾಲ್ವ್‌ಗಳನ್ನು ಹೊತ್ತಿಗೆ ಸರಿಯಾಗಿ ತೆರೆದು ಮುಚ್ಚಿಸುವ ಟೈಮಿಂಗ್ ಬೆಲ್ಟ್ ಹಳತಾಗಿ ಹರಿದಿದೆ. ಅದು ಹರಿದರೆ ಈ ಎಂಜಿನ್ನಿನಲ್ಲಿ ಪಿಸ್ಟನ್ ಮೇಲೆ ಬಂದು ವಾಲ್ವಿಗೇ ಗುದ್ದುತ್ತದಂತೆ. "ಹೋದ್ ವರ್ಷಾನೇ ಬದಲಾಯ್ಸಿ ಅಂದಿದ್ದೆ ಕಣಮ್ಮ. ಓಡ್ತಾ ಐತಲ್ಲ ಬಿಡಿ ಅಂದ್ಬಿಟ್ರು ನಿಮ್ಮಣ್ಣ" ಎಂದರು. ಅದೇ ವಾರ ನೀನು ಕಾರಿಗೆ ಹೊಸ ಸ್ಪೀಕರ್ ಹಾಕಿಸಿದ್ದು ನನಗೆ ನೆನಪಿದೆ.

ಮೊನ್ನೆ ಶಿವಗಂಗೆಯಿಂದ ಬರುವಾಗ ಹೆದ್ದಾರಿಯ ನಡುವೆ ಎಂಜಿನ್ ನಿಂತಿತು. ಹಿಂದೆಯೇ ಲಾರಿ. ಕಲ್ಲಿನಂತಾದ ಸ್ಟೇರಿಂಗನ್ನು ಎರಡೂ ಕೈಯಲ್ಲಿ ಎಳೆದು ಕಾರನ್ನು ಬದಿಗೆ ತಂದವಳು ನಾನು. ಅಮ್ಮ ಪಕ್ಕದಲ್ಲಿ ಕಣ್ಣು ಮುಚ್ಚಿ ಕೂತಿದ್ದಳು.

ಸೊಪ್ಪಿನ ಸಾರು ಬಿಸಿ ಮಾಡಿ ಅಮ್ಮನಿಗೆ ಮೊದಲು ಬಡಿಸು, ಮೊನ್ನೆಯಿಂದ ಸರಿಯಾಗಿ ಉಂಡಿಲ್ಲ. ಈಗಲೂ "ಅವನ್ನ ಬೈಬೇಡ ಕಣೇ, ನೊಂದ್ಕೋತಾನೆ" ಅನ್ನುತ್ತಿದ್ದಾಳೆ. ಸರಿ, ಬೈಯುವುದಿಲ್ಲ. ಮಾವನಿಗೆ ಫೋನ್ ಮಾಡಿ, ತಪ್ಪು ಯಾರದೆಂದು ನಿನ್ನ ಬಾಯಿಂದಲೇ ಹೇಳು. ಅಮ್ಮ ಕೇಳಿಸಿಕೊಳ್ಳಲಿ.

ಪ್ರಮೋದಾ